ಕೊಳದ ಕಂಬಳಿಗೆ ಬಿಳಿ ಪಂಚೆ

ನಮ್ಮ ಮನೆಯ ಹಿಂದೆ ಈಜುಕೊಳವಿದೆ. ಹೀಗೆಂದ ಕೂಡಲೇ ನೀವು ನಮ್ಮನ್ನು ಅರಮನೆ ಕಡೆಯವರು ಎಂದುಕೊಂಡರೆ ಅದು ನನ್ನ ತಪ್ಪಲ್ಲ. ಅದು ಇಪ್ಪತ್ತಡಿ ಉದ್ದ, ಹನ್ನೆರಡಡಿ ಅಗಲದ ಒಂದು ತೊಟ್ಟಿ. ಮನೆಯಲ್ಲಿ ಯಾರಿಗೂ ಈಜು ಬರುವುದಿಲ್ಲ. ಭಾನುವಾರ ಅಪ್ಪ ಎದೆಮಟ್ಟದ ನೀರಿನಲ್ಲಿ ನಿಂತು, ಹಣೆಯ ವಿಭೂತಿಗೆ ನೀರು ಸಿಡಿಯದ ಹಾಗೆ ಕತ್ತೆತ್ತಿಕೊಂಡು ಪತ್ರಿಕೆ ಓದುತ್ತಾರೆ. ಅಮ್ಮ ಮೆಟ್ಟಿಲ ಮೇಲೆ ಕುಳಿತು, ಕಾಲು ಇಳಿಬಿಟ್ಟು ಅವರೆಕಾಯಿ ಸುಲಿಯುತ್ತಾರೆ. ನಾನು ದಡದಲ್ಲಿ ನಿಂತು ಹೊದಿಕೆ ಕಾಯುತ್ತೇನೆ.

ನನ್ನ ತಕರಾರು ಇರುವುದು ಈ ಹೊದಿಕೆಯ ಬಗ್ಗೆಯೇ.

ಅಪ್ಪ ಶಿವಲಿಂಗಯ್ಯನವರಿಗೆ ಪೈಪು, ನಲ್ಲಿಗಳ ಅಂಗಡಿ. ಒಂದು ವರ್ಷ ಹೆಚ್ಚು ಪೈಪು ಮಾರಿದ ವ್ಯಾಪಾರಿಗಳನ್ನು ಕಂಪನಿಯವರು ನಾಲ್ಕು ದಿನ ಬ್ಯಾಂಕಾಕಿಗೆ ಕರೆದುಕೊಂಡು ಹೋದರು. ಉಳಿದವರು ಸೆಂಟು, ಗಡಿಯಾರ ತಂದರೆ ಅಪ್ಪ ಹೋಟೆಲಿನ ಈಜುಕೊಳವನ್ನು ತಲೆಯಲ್ಲಿ ಇಟ್ಟುಕೊಂಡು ಬಂದರು. ದಟ್ಟಗಳ್ಳಿಯ ಹೊಸ ಮನೆಗೆ ಸಂಪು ತೋಡುವಾಗ ಮೇಸ್ತ್ರಿಗೆ "ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ" ಎನ್ನುತ್ತಾ ಹೋದರು. ಅದನ್ನು ನೋಡಿ ಮೆಚ್ಚಿದ ಕಂಪನಿಯ ಅಧಿಕಾರಿಯೊಬ್ಬರು ಒಂದು ಸೋಲಾರ್ ಕವರ್ ಕಳಿಸಿಕೊಟ್ಟರು. ನೀಲಿ ಪ್ಲಾಸ್ಟಿಕ್ ಹಾಳೆ, ಒಂದು ಮಗ್ಗುಲಿಗೆ ಪೂರ್ತಿ ಗಾಳಿಗುಳ್ಳೆಗಳು. ಹೊಸ ಟೀವಿಗೆ ಸುತ್ತಿ ಕೊಡುತ್ತಾರಲ್ಲ, ಅದರ ದೊಡ್ಡಣ್ಣ. ನೀರಿನ ಮೇಲೆ ಹಾಸಿದರೆ ಬಿಸಿಲಿನ ಶಾಖ ಒಳಗೆ ನಿಲ್ಲುತ್ತದೆ, ನೀರೂ ಆರಿ ಹೋಗುವುದಿಲ್ಲ. ಅಮ್ಮ ಅದಕ್ಕೆ ಕೊಳದ ಕಂಬಳಿ ಎಂದು ಹೆಸರಿಟ್ಟರು.

ಅದರ ಜೊತೆ ಬಂದ ಇಂಗ್ಲಿಷ್ ಕರಪತ್ರವನ್ನು ಅಪ್ಪ ನನ್ನ ಕೈಗೆ ಕೊಟ್ಟು, "ನೀನು ಓದಿದೋಳು, ನೋಡು" ಎಂದರು. ಓದಿದವಳು ಎನ್ನುವುದು ಅಪ್ಪನ ಔದಾರ್ಯ. ನನಗೆ ಈಗ ಹದಿನೇಳು. ಪಿಯುಸಿಗೆ ಸೇರಿ ಅರ್ಧ ವರ್ಷಕ್ಕೇ ಬಿಟ್ಟೆ. ಅಲ್ಲಿ ಒಬ್ಬೊಬ್ಬರಾಗಿ ಎದ್ದು ನಿಂತು ಹೆಸರು ಹೇಳಬೇಕಿತ್ತು. ನನ್ನ ಸರದಿ ಬಂದಾಗ ನಾನು ಎದ್ದೆ, ದನಿ ಏಳಲಿಲ್ಲ. ಅವರು ಕಾದರು. (ಇವತ್ತಿಗೂ ಕಾಯುತ್ತಿರಬಹುದು.) ನನ್ನ ಹೆಸರು ವಾಣಿ. ಇಟ್ಟವರನ್ನು ನಾನು ಏನೂ ಅನ್ನುವುದಿಲ್ಲ.

ನಿಘಂಟು ಹಿಡಿದು ನಾಲ್ಕು ದಿನ ಕುಳಿತು, ಕರಪತ್ರವನ್ನು ಹನ್ನೊಂದು ನಿಯಮಗಳಾಗಿ ಕನ್ನಡದಲ್ಲಿ ಬರೆದು, ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಗುಳ್ಳೆಗಳು ಕೆಳಮುಖವಾಗಿರಬೇಕು. ಮೆದು ಸೋಪಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಮಡಿಸಿ, ಸುರುಳಿ ಸುತ್ತಿ, ಸಡಿಲವಾಗಿ ಕಟ್ಟಬೇಕು. ಸುರುಳಿಯ ಮೇಲೆ ಬಿಸಿಲು ಬಿದ್ದರೆ ಗುಳ್ಳೆಗಳು ಒಳಗೊಳಗೇ ಬೆಂದು ಒಡೆಯುವುದರಿಂದ ಅದಕ್ಕೆ ಬಿಳಿ ಬಟ್ಟೆ ಹೊದಿಸಬೇಕು. ಇದು ಒಂಬತ್ತನೆಯ ನಿಯಮ. ಇದನ್ನು ನೆನಪಿಟ್ಟುಕೊಳ್ಳಿ.

ಇಷ್ಟು ನಿಷ್ಠೆ ಏಕೆ ಎಂದರೆ, ನನಗೊಂದು ಆಸೆ ಇತ್ತು.

ಹೋದ ವರ್ಷ, ಅಂದರೆ ಎರಡು ಸಾವಿರದ ಮೂರರ ಬೇಸಿಗೆಯಲ್ಲಿ, ನಮ್ಮ ಬೀದಿಯ ನಲ್ಲಿಗಳಲ್ಲಿ ದಿನ ಬಿಟ್ಟು ದಿನ ಅರ್ಧ ಗಂಟೆ ನೀರು ಬರುತ್ತಿತ್ತು. ಅದೇ ತಿಂಗಳು ಅಪ್ಪ ಬೋರ್‌ವೆಲ್ ನೀರು ಬಿಟ್ಟು ಕೊಳ ತುಂಬಿಸಿದರು. ಯಾರೂ ಜಗಳಕ್ಕೆ ಬರಲಿಲ್ಲ. ಗೇಟಿನ ಹತ್ತಿರ ನಿಂತು ಮಾತಾಡುತ್ತಿದ್ದವರು ನಿಲ್ಲುವುದನ್ನು ಬಿಟ್ಟರು, ಅಷ್ಟೇ. ಈ ಸಂಕ್ರಾಂತಿಗೆ ನಾನೂ ಅಮ್ಮನೂ ಮೂವತ್ತು ಪೊಟ್ಟಣ ಎಳ್ಳು ಬೆಲ್ಲ ಕಟ್ಟಿದ್ದೆವು. ಮನೆಗೆ ನಾಲ್ಕು ಜನ ಬಂದರು. ಉಳಿದ ಇಪ್ಪತ್ತಾರು ಪೊಟ್ಟಣಗಳನ್ನು ಫೆಬ್ರವರಿಯವರೆಗೂ ನಾವೇ ತಿಂದು ನಾವೇ ಒಳ್ಳೆಯ ಮಾತಾಡಿಕೊಂಡೆವು.

ಎದುರು ಮನೆಯಲ್ಲಿ ನಿಶ್ಚಿತಾ ಇದ್ದಾಳೆ. ನನ್ನದೇ ವಯಸ್ಸು, ಕಾಲೇಜಿಗೆ ಸ್ಕೂಟಿಯಲ್ಲಿ ಹೋಗುತ್ತಾಳೆ. ನನ್ನ ಲೆಕ್ಕಾಚಾರ ಸರಳವಾಗಿತ್ತು. ಹೊದಿಕೆ ಚೆನ್ನಾಗಿದ್ದರೆ ನೀರು ಬೆಚ್ಚಗಿರುತ್ತದೆ. ನೀರು ಬೆಚ್ಚಗಿದ್ದರೆ ಒಂದು ಭಾನುವಾರ ನಿಶ್ಚಿತಾ ಬಂದೇ ಬರುತ್ತಾಳೆ. (ನೀರು ಬೆಚ್ಚಗಿದೆ ಎಂದು ಅವಳಿಗೆ ಹೇಳುವವರು ಯಾರು ಎಂಬುದು ಹನ್ನೊಂದು ನಿಯಮಗಳಲ್ಲಿ ಇರಲಿಲ್ಲ.)

ಫೆಬ್ರವರಿಯ ಒಂದು ಭಾನುವಾರ ಅಪ್ಪ ಅಮ್ಮ ಕುವೆಂಪುನಗರಕ್ಕೆ ಗೃಹಪ್ರವೇಶಕ್ಕೆ ಹೊರಟರು. ನಾನು ಇಂಥ ಕಡೆಗೆ ಹೋಗುವುದಿಲ್ಲ. ಎಲೆಗೆ ಉಪ್ಪು ಬೀಳುವ ಮೊದಲೇ ಯಾರಾದರೂ "ಏನು ಓದ್ತಿದೀಯಮ್ಮ?" ಎನ್ನುತ್ತಾರೆ. ಅವತ್ತು ಕೊಳದ ನೀರು ಶುಚಿ ಮಾಡುವ ದಿನವೂ ಆಗಿದ್ದರಿಂದ, ಹಿಂದಿನ ದಿನವೇ ತೊಳೆದು ಒಣಗಿಸಿದ್ದ ಹೊದಿಕೆಯನ್ನು ಮಡಿಸಿ ಸುರುಳಿ ಸುತ್ತಿದೆ. ಆರಡಿ ಉದ್ದ ಬಂತು. ಮೂರು ಕಡೆ ಬಟ್ಟೆಯ ಪಟ್ಟಿ ಕಟ್ಟಿ, ತಂಪಾದ ಜಾಗವೆಂದು ಮುಂದಿನ ಜಗಲಿಗೆ ಎಳೆದು ತಂದು ಮಲಗಿಸಿ, ಅಪ್ಪನ ಒಗೆದ ಬಿಳಿ ಪಂಚೆಯನ್ನು ಈ ತುದಿಯಿಂದ ಆ ತುದಿಗೆ ಹೊದಿಸಿದೆ. ಸೊಳ್ಳೆ ಬಹಳವಿತ್ತು, ಪಕ್ಕದಲ್ಲಿ ಸಾಂಬ್ರಾಣಿ ಹಾಕಿದೆ. ಹೊಗೆಗೆ ಕಣ್ಣು ಕೆಂಪಾಗಿ ನೀರು ಸುರಿಯತೊಡಗಿತು. ಸೆರಗಿಲ್ಲದ್ದರಿಂದ ದುಪ್ಪಟ್ಟಾದಲ್ಲಿ ಒರೆಸಿಕೊಂಡು ಗೋಡೆಗೆ ಒರಗಿ ಕುಳಿತೆ.

ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರ್ ವೆಂಕಟಸುಬ್ಬಯ್ಯನವರು ಹಾಲು ತೆಗೆದುಕೊಂಡು ಬರುತ್ತಿದ್ದವರು ಗೇಟಿನ ಹತ್ತಿರ ನಿಂತರು. ನೋಡಿದರು. ಚಪ್ಪಲಿಯನ್ನು ಹೊರಗೇ ಬಿಟ್ಟು ಒಳಗೆ ಬಂದರು. ಸಂಕ್ರಾಂತಿಯ ಆ ನಾಲ್ವರನ್ನು ಬಿಟ್ಟರೆ, ಒಂಬತ್ತು ತಿಂಗಳಲ್ಲಿ ನಮ್ಮ ಗೇಟು ಒಳಮುಖವಾಗಿ ತೆರೆದದ್ದು ಅದೇ ಮೊದಲು.

"ಅಪ್ಪನೇನಮ್ಮ?" ಎಂದರು, ಬಹಳ ಮೆಲ್ಲಗೆ.

ನಾನು ಎದ್ದೆ, ದನಿ ಏಳಲಿಲ್ಲ. ಅವರು ನನ್ನ ತಲೆ ಸವರಿ, ಹಾಲಿನ ಪಾತ್ರೆಯನ್ನು ಅಲ್ಲೇ ಇಟ್ಟು, ಬೀದಿಗೆ ಓಡಿದರು.

ಹತ್ತು ನಿಮಿಷದಲ್ಲಿ ನಮ್ಮ ಜಗಲಿ ತುಂಬಿತು. ಎಳ್ಳಿಗೆ ಬಾರದವರೆಲ್ಲ ಬಂದರು. ಅಮ್ಮ ನೆಂಟರಿಗೆ ಸುದ್ದಿ ಮುಟ್ಟಿಸಲು ಹೋಗಿರಬೇಕು ಎಂದು ಅವರವರೇ ತೀರ್ಮಾನಿಸಿದರು. ಅಪ್ಪನನ್ನು ಅಷ್ಟು ಹೊಗಳಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ನೀರಿನ ವಿಷಯ ಒಂದು ಬಿಟ್ಟರೆ ಅಪ್ಪ ಅಪ್ಪಟ ಚಿನ್ನ ಎಂದಾಯಿತು. ಅಷ್ಟು ಉದ್ದ ಇದ್ದರೇ ಎಂದು ಯಾರೋ ಅನುಮಾನ ಪಟ್ಟಾಗ, ಮಲಗಿಸಿದ ಮೇಲೆ ಮನುಷ್ಯ ಉದ್ದವೇ ಕಾಣುತ್ತಾನೆ ಎಂದು ಹೆಡ್‌ಮಾಸ್ಟರು ವಿವರಿಸಿದರು.

ನಿಶ್ಚಿತಾ ಬಂದಳು. ಬಂದವಳು ನೇರವಾಗಿ ನನ್ನ ಪಕ್ಕದಲ್ಲಿ ಕುಳಿತು ನನ್ನ ಕೈ ಹಿಡಿದುಕೊಂಡಳು.

ಇಲ್ಲಿ ನಾನು ಸತ್ಯ ಹೇಳಬೇಕು. ಅಷ್ಟು ಹೊತ್ತಿಗೆ ನನ್ನ ಬಾಯಿಗೆ ಮಾತು ಬಂದಿತ್ತು. "ಇದು ಪ್ಲಾಸ್ಟಿಕ್." ಎರಡೇ ಪದ. ನಾಲಗೆಯ ತುದಿಯಲ್ಲಿ ಸರಿಯಾದ ಕ್ರಮದಲ್ಲಿ ನಿಂತಿದ್ದವು. ಆದರೆ ಅದನ್ನು ಹೇಳಿದರೆ ಅವಳು ಕೈ ಬಿಡುತ್ತಾಳೆ. ಇನ್ನೊಂದು ನಿಮಿಷ ಕಳೆಯಲಿ ಎಂದುಕೊಂಡೆ. ಅದು ಕಳೆದ ಮೇಲೆ ಇನ್ನೊಂದು. ಅವಳ ಕೈ ನಮ್ಮ ಕೊಳಕ್ಕಿಂತ ಬೆಚ್ಚಗಿತ್ತು.

ಆಗ ಹೂವಿನ ಮಾದೇವಮ್ಮ ಬಾಯಿ ತೆರೆದರು. "ಅಲ್ಲ ಬುದ್ಧಿ, ಇವರಲ್ಲಿ ಕೂರಿಸ್ತಾರಲ್ವಾ? ಮಲಗಿಸ್ಬುಟ್ಟವ್ರಲ್ಲ."

ಅದು ನಿಜ. ನಮ್ಮಲ್ಲಿ ಹೋದವರನ್ನು ಗೋಡೆಗೆ ಒರಗಿಸಿ ಕೂರಿಸುತ್ತಾರೆ, ಮಣ್ಣಿಗೂ ಕೂರಿಸಿಯೇ ಇಡುತ್ತಾರೆ. ಎಲ್ಲರೂ ನನ್ನ ಕಡೆ ನೋಡಿದರು. ಪಾಪ, ಒಂಟಿ ಹುಡುಗಿ ಹೇಗೆ ಕೂರಿಸಿಯಾಳು ಎಂದು ಹೆಡ್‌ಮಾಸ್ಟರ ಕಣ್ಣು ತುಂಬಿತು. ಸೆಟೆಯುವ ಮೊದಲೇ ಆಗಬೇಕು, ಬನ್ನಿ ಎಂದು ಅವರು ಮೂವರನ್ನು ಕರೆದರು. ನಾಲ್ವರೂ ಉಸಿರು ಬಿಗಿಹಿಡಿದು ಎತ್ತಿದರು. ಎತ್ತಿದ ರಭಸಕ್ಕೆ ಅದು ತೊಲೆಯವರೆಗೂ ಹೋಯಿತು.

"ಸಕ್ಕರೆ ಕಾಯಿಲೆ," ಎಂದರು ಹೆಡ್‌ಮಾಸ್ಟರು, ತಲೆ ತಗ್ಗಿಸಿ. "ಒಳಗೆ ಏನೂ ಉಳಿಸಿಲ್ಲ."

ನಡುವಿನಲ್ಲಿ ಬಗ್ಗಿಸಿ ಗೋಡೆಗೆ ಒರಗಿಸಿದರು. ಕೈ ಬಿಟ್ಟ ಕೂಡಲೇ ಅದು ಪಟ್ಟನೆ ನೆಟ್ಟಗಾಯಿತು. ಮತ್ತೆ ಬಗ್ಗಿಸಿದರು, ಮತ್ತೆ ನೆಟ್ಟಗಾಯಿತು. ಮೂರನೆಯ ಸಲ ಇಬ್ಬರು ಹೆಗಲು ಒತ್ತಿ, ಒಬ್ಬರು ಮಂಡಿ ಹಿಡಿದಿದ್ದಾಗ ಒಳಗಿನಿಂದ ಪಟಪಟ ಸದ್ದು ಬಂತು. ಮೂಳೆ ಎಂದು ಯಾರೋ ಅಂದರು. ನನ್ನ ಕಣ್ಣಲ್ಲಿ ನಿಜವಾದ ನೀರು ಬಂತು. ಅದು ಸುಮಾರು ನಲವತ್ತು ಗುಳ್ಳೆಗಳ ಸದ್ದು.

ಅದೇ ಹೊತ್ತಿಗೆ ಗೇಟಿನಲ್ಲಿ ಅಪ್ಪನ ಸ್ಕೂಟರ್ ನಿಂತಿತು. ಹಿಂದೆ ಅಮ್ಮ, ಕೈಯಲ್ಲಿ ತಾಂಬೂಲದ ಚೀಲ. ಅಪ್ಪ ಜನವನ್ನು ನೋಡಿದರು, ಬಿಳಿ ಪಂಚೆಯನ್ನು ನೋಡಿದರು, ನನ್ನನ್ನು ನೋಡಿದರು.

"ಬಗ್ಗಿಸ್ಬೇಡಿ ಕಣ್ರೀ, ಗುಳ್ಳೆ ಒಡೆದೋಗ್ತವೆ," ಎಂದರು.

ಆಮೇಲಿನದು ವಿವರಿಸುವಂಥದ್ದಲ್ಲ. ಹೆಡ್‌ಮಾಸ್ಟರು ಪಂಚೆ ಸರಿಸಿ ನೋಡಿ, ಎಷ್ಟೋ ಹೊತ್ತು ಆ ನೀಲಿಯನ್ನೇ ದಿಟ್ಟಿಸುತ್ತಿದ್ದರು. ಅಮ್ಮ, ಬಂದವರು ಕಾಫಿ ಕುಡಿದು ಹೋಗಿ ಎಂದರು. ಸಾವಿನ ಮನೆಗೆ ಬಂದವರು ಸ್ನಾನ ಮಾಡದೆ ಏನೂ ಮುಟ್ಟುವ ಹಾಗಿಲ್ಲ ಎಂದು ಒಬ್ಬರು ನೆನಪಿಸಿದರು. ಪ್ಲಾಸ್ಟಿಕ್ಕಿಗೂ ಮೈಲಿಗೆ ಉಂಟೇ ಎಂದು ಇನ್ನೊಬ್ಬರು ಕೇಳಿದರು. ಅಪ್ಪ ನಿಜವಾಗಿಯೂ ಹಿತ್ತಲ ಕಡೆ ಕೈ ತೋರಿಸಿ, "ಸ್ನಾನ ತಾನೇ, ನೀರು ಬೆಚ್ಚಗಿದೆ, ಇಲ್ಲೇ ಮಾಡಿ" ಎಂದರು. ಯಾರೂ ಒಂದು ಹೆಜ್ಜೆ ಇಡಲಿಲ್ಲ.

ನಿಶ್ಚಿತಾ ಕೈ ಬಿಟ್ಟಳು. "ಮೊದಲೇ ಹೇಳಬಾರದಾಗಿತ್ತಾ?" ಎಂದಳು. ಕೋಪದಿಂದ ಅಲ್ಲ, ಉತ್ತರ ಬೇಕು ಎನ್ನುವ ಹಾಗೆ. ನನ್ನಲ್ಲಿ ಉತ್ತರವಿತ್ತು. ಅವಳು ಗೇಟು ದಾಟುವವರೆಗೂ ಅದನ್ನು ಜೋಡಿಸುತ್ತಿದ್ದೆ.

ಅವತ್ತಿನಿಂದ ಅಮ್ಮನ ಅಪ್ಪಣೆಯಾಗಿದೆ. ಹೊದಿಕೆಯನ್ನು ಮಲಗಿಸಕೂಡದು, ನಮ್ಮವರ ಪದ್ಧತಿಯಂತೆ ಮೂಲೆಯಲ್ಲಿ ನೆಟ್ಟಗೆ ಒರಗಿಸಿಡಬೇಕು. ಇದನ್ನು ಹನ್ನೆರಡನೆಯ ನಿಯಮವಾಗಿ ಬರೆದುಕೊಂಡೆ. ಯಾರೂ ಮತ್ತೆ ತಪ್ಪು ತಿಳಿಯಲಿಲ್ಲ. ಯಾರೂ ಬರಲೂ ಇಲ್ಲ. ನೀರು ಮೂವತ್ತು ಡಿಗ್ರಿಗೆ ಏರಿತು. ತಾರಸಿ ಹತ್ತಿ ದೂರದ ಬೆಟ್ಟ ನೋಡುವುದು, ಇಳಿದು ನೀರು ನೋಡುವುದು, ಇದೇ ನನ್ನ ದಿನಚರಿಯಾಯಿತು.

ನಾನು ನಿಯಮ ಮುರಿಯುವವಳಲ್ಲ. ಆದರೆ ಕಳೆದ ಭಾನುವಾರ ಅಪ್ಪ ಅಮ್ಮ ಇನ್ನೊಂದು ಗೃಹಪ್ರವೇಶಕ್ಕೆ ಹೋದಾಗ, ಹೊದಿಕೆಯನ್ನು ಜಗಲಿಗೆ ತಂದು ಉದ್ದಕ್ಕೆ ಮಲಗಿಸಿದೆ. ಬಿಳಿ ಪಂಚೆ ಹೊದಿಸಿದೆ. ಸಾಂಬ್ರಾಣಿ ಹಾಕಿದೆ. ಗೇಟನ್ನು ಒಂದು ಗೇಣು ತೆರೆದಿಟ್ಟು ಗೋಡೆಗೆ ಒರಗಿ ಕುಳಿತೆ.

ವೆಂಕಟಸುಬ್ಬಯ್ಯನವರು ಹಾಲು ಹಿಡಿದುಕೊಂಡು ಬಂದರು. ಗೇಟಿನ ಹತ್ತಿರ ನಿಂತರು. ಕತ್ತು ಚಾಚಿ ನೋಡಿದರು.

"ಪ್ಲಾಸ್ಟಿಕ್ಕೇ ತಾನೇನಮ್ಮ?"

"ಹೌದು ಸಾರ್," ಎಂದೆ. ತಡವರಿಸಲಿಲ್ಲ, ದನಿ ನಡುಗಲಿಲ್ಲ, ಬೀದಿಯ ಕೊನೆಯವರೆಗೂ ಕೇಳುವಷ್ಟು ಸ್ಪಷ್ಟವಾಗಿ ಬಂತು.

"ಹಾಗಾದ್ರೆ ಸರಿ," ಎಂದು ಅವರು ಗೇಟನ್ನು ಜೋಪಾನವಾಗಿ ಮುಚ್ಚಿಕೊಂಡು ಹೋದರು.