ಅಜ್ಜಿಯ ಬಲಗಾಲಿಗೆ ಆದ ಅನ್ಯಾಯ

೧೯೮೧, ಜೂನ್ ಏಳು, ಭಾನುವಾರ, ಸಂಜೆ ಆರೂಕಾಲು. ಇಷ್ಟನ್ನು ಡೈರಿಯಲ್ಲಿ ಬರೆದ ಮೇಲೆಯೇ ನಾನು ಅಜ್ಜಿಯ ಎಡಗಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡದ್ದು. ಹೊತ್ತು ಬರೆದಿಡದಿದ್ದರೆ ಕೆಲಸ ನಡೆದೇ ಇಲ್ಲವೆನಿಸುವ ಜಾತಿ ನನ್ನದು. ಮದುವೆಗೆ ಹೋದರೂ ಪಾಯಸದ ರುಚಿ ಮರೆತುಹೋಗುತ್ತದೆ, ಅದು ಬಂದ ಗಳಿಗೆ ನೆನಪಿರುತ್ತದೆ.

ಅಜ್ಜಿಯ ಪಾದಗಳು ಬೇಸಿಗೆಯಲ್ಲೂ ತಣ್ಣಗಿರುತ್ತಿದ್ದವು. ರಕ್ತದ ಓಡಾಟ ನಿಧಾನವಾಗಿದೆ, ಪಾದದಿಂದ ಮೊಣಕಾಲಿನ ಕಡೆಗೆ ಮೆಲ್ಲಗೆ ತಿಕ್ಕಿ, ದಿನಾ ನಡೆಸಿ ಎಂದಿದ್ದರು ಮಣಿಪಾಲದ ಡಾಕ್ಟರು. ಅಜ್ಜಿಗೋ ಅವಸರ. ಕಾಪುವಿನಲ್ಲಿ ಅವರ ತಂಗಿಗೆ ಕಣ್ಣಿನ ಆಪರೇಷನ್ ಆಗಿತ್ತು. "ಮುಂದಿನ ಭಾನುವಾರ ಪಟ್ಟಿ ಬಿಚ್ಚುವುದಂತೆ. ಅವಳಿಗೆ ಮೊದಲು ನನ್ನ ಮುಖವೇ ಕಾಣಬೇಕಂತೆ. ಬಸ್ಸು ಹತ್ತುವ ಹಾಗೆ ಮಾಡು ಮಾರಾಯ," ಅಂದರು.

ತಿಕ್ಕಿದ್ದರಿಂದಲೇ ಗುಣವಾಯಿತೆಂದು ತಿಳಿಯುವುದು ಹೇಗೆ? ಎಡಗಾಲನ್ನು ಮಾತ್ರ ತಿಕ್ಕಿ, ಬಲಗಾಲನ್ನು ಹೋಲಿಕೆಗೆಂದು ಹಾಗೆಯೇ ಬಿಟ್ಟೆ. ಮೂರು ದಿನ ಲೆಕ್ಕ ಚೆನ್ನಾಗಿಯೇ ಬಂತು: ಎಡ ಬೆಚ್ಚಗೆ, ಬಲ ತಣ್ಣಗೆ. ನಾಲ್ಕನೆಯ ದಿನ ನೋಡಿದರೆ ಎರಡೂ ಬೆಚ್ಚಗೆ! ನಾನು ಮುಟ್ಟದ ಬಲಗಾಲಿನಿಂದ ತೆಂಗಿನೆಣ್ಣೆಯ ಪರಿಮಳ ಬರುತ್ತಿತ್ತು.

"ಅಜ್ಜಿ, ಇದಕ್ಕೆ ನೀವೇ ತಿಕ್ಕಿದಿರಾ?"

"ಮತ್ತೆಂತ ಮಾಡುವುದು? ಒಂದೇ ಪಂಕ್ತಿಯಲ್ಲಿ ಕೂತವರಲ್ಲಿ ಒಬ್ಬನಿಗೆ ಪಾಯಸ ಬಡಿಸಿ ಇನ್ನೊಬ್ಬನ ಎಲೆ ದಾಟಿ ಹೋಗುವುದುಂಟಾ? ಅದೂ ನಿನ್ನ ಅಜ್ಜಿಯದ್ದೇ ಕಾಲು, ಅಲ್ವಾ?"

ಮರುದಿನದಿಂದ ಎರಡಕ್ಕೂ ಸಮನಾಗಿ ಬಡಿಸಿದೆ.

ಭಾನುವಾರ ಬೆಳ್ಮಣ್ ಬಸ್‌ಸ್ಟ್ಯಾಂಡಿನ ಕಟ್ಟೆಯಲ್ಲಿ, ಇರಲಿ ಎಂದು, ಚಕ್ಕಳಮಕ್ಕಳ ಹಾಕಿ ಕೂತು ಇನ್ನೊಮ್ಮೆ ತಿಕ್ಕುತ್ತಿದ್ದೆ. ಬಸ್ಸು ಬಂತು. ಅಜ್ಜಿ ಎದ್ದರು, ಸರಸರ ನಡೆದರು, ಹತ್ತಿಯೂ ಬಿಟ್ಟರು. ನನಗೆ ಏಳಲಾಗಲಿಲ್ಲ, ಎರಡೂ ಕಾಲು ಜೋಮು ಹಿಡಿದಿತ್ತು. ಬಾಗಿಲಲ್ಲಿ ಅಜ್ಜಿಯ ದನಿ: "ಕಂಡಕ್ಟರೇ, ಸ್ವಲ್ಪ ನಿಲ್ಲಿಸಿ. ಒಬ್ಬ ಮುದುಕ ಬರಲಿಕ್ಕುಂಟು!"

ಸೀಟಿನಲ್ಲಿ ನನ್ನ ಎರಡೂ ಕಾಲನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಬೈಯುತ್ತಾ, ಕಾಪುವಿನವರೆಗೂ ತಿಕ್ಕಿದರು. ಅವರ ಹೆಬ್ಬೆರಳಿನ ಬಲಕ್ಕೆ ಜೋಮು ಬಿಟ್ಟಿತು, ನೋವು ಉಳಿಯಿತು. ಪಟ್ಟಿ ಬಿಚ್ಚಿದ ತಂಗಿ ಅಕ್ಕನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು. ಆಮೇಲೆ ಕಣ್ಣು ಕಿರಿದಾಗಿಸಿ ಕೇಳಿದರು: "ಅಕ್ಕಾ, ನಿನ್ನ ಹಿಂದೆ ಕುಂಟುತ್ತಾ ಬಂದವರು ಯಾರು?"

ನನ್ನ ಜೋಮು ಬಿಟ್ಟದ್ದು ತಿಕ್ಕಿದ್ದರಿಂದಲೋ, ಬೈಗುಳದಿಂದಲೋ? ತಿಳಿದವರು ದಯವಿಟ್ಟು ಬರೆದು ತಿಳಿಸಬೇಕು. ಹೋಲಿಸಿ ನೋಡೋಣವೆಂದರೆ, ಅಜ್ಜಿ ನನ್ನದೊಂದು ಕಾಲನ್ನೂ ತಿಕ್ಕದೆ ಬಿಟ್ಟಿಲ್ಲ.