ಬಾಡಿಗೆ ಕಾರಿನ ಕರಡು ತಿದ್ದಿದ್ದು

"ಪರದೇಶದಲ್ಲಿ ಬಾಡಿಗೆ ಕಾರು ಹಿಡಿದು ಟೋಪಿ ಹಾಕಿಸ್ಕೊಳ್ದೆ ಬಂದ ಮೊದಲನೇ ಮನುಷ್ಯ ನಾನೇ ಆಗ್ತೀನಿ, ನೋಡ್ತಾ ಇರು!" ಎಂದು ಕೊಕ್ಕೆ ಸಾಹೇಬರು ವಿಮಾನದಲ್ಲೇ ಘೋಷಿಸಿದರು. ಪಕ್ಕದಲ್ಲಿದ್ದ ಹೆಂಡತಿ ಸೀಟಿನ ಬೆಲ್ಟನ್ನು ಇನ್ನಷ್ಟು ಬಿಗಿ ಮಾಡಿಕೊಂಡರು.

ಕೊಕ್ಕೆ ಎಂಬುದು ಅವರ ಹೆಸರಲ್ಲ, ಬಿರುದು! ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತರಾದವರು. ಎಂತೆಂಥ ಪಂಡಿತರ ಬರಹಕ್ಕೂ ಕೊಕ್ಕೆ ತೆಗೆದು, ತಪ್ಪಿಗೆ ಕೆಂಪು ಸುತ್ತು ಹಾಕಿದವರು. ಮದುವೆಯ ಕರೆಯೋಲೆ ಬಂದರೂ ಮೊದಲು ತಿದ್ದುವುದು, ಆಮೇಲೆ ಮದುವೆ ಯಾರದೆಂದು ಹೆಂಡತಿಯನ್ನು ಕೇಳುವುದು.

ಹೋದ ವರ್ಷ ಅವರ ಭಾವಮೈದುನ ಇದೇ ಊರಿನಲ್ಲಿ ಕಾರು ಹಿಡಿದು, ತಾನು ಮಾಡದ ಒಂದು ಗೀರಿಗೆ ದಂಡ ತೆತ್ತು ಬಂದಿದ್ದ. ಸಾಹೇಬರು ವರ್ಷವಿಡೀ ನಕ್ಕಿದ್ದರು. ಈಗ ಹೆಂಡತಿಗೆ ಮಾತು ಕೊಟ್ಟೂ ಆಗಿತ್ತು: ಕಾರಿನ ಠೇವಣಿ ಪೂರ್ತಿ ವಾಪಸು ಬಂದರೆ ಕೊನೆಯ ದಿನ ಸರೋವರದಲ್ಲಿ ದೋಣಿ ವಿಹಾರ! ಆಕೆಗೆ ಇಡೀ ಪ್ರವಾಸದಲ್ಲಿ ಬೇಕಾಗಿದ್ದದ್ದು ಅದೊಂದೇ.

ಕೌಂಟರಿನ ಹುಡುಗಿ ಹನ್ನೆರಡು ಪುಟದ ಕರಾರುಪತ್ರ ಮುಂದಿಟ್ಟು, "ಸಹಿ ಹಾಕಿ ಸಾರ್" ಎಂದಳು.

"ಓದದೆ ಸಹಿ ಹಾಕೋ ಪೈಕಿ ಅಲ್ಲಮ್ಮ ನಾನು!"

ಮುಕ್ಕಾಲು ಗಂಟೆ ಓದಿದರು. ಹಿಂದಿನ ಸಾಲು ಬಾಗಿಲು ದಾಟಿ ಫುಟ್‌ಪಾತಿಗೆ ಇಳಿಯಿತು. ಒಂಬತ್ತನೆಯ ಪುಟದಲ್ಲಿ ಸಾಹೇಬರ ಮುಖ ಅರಳಿತು. "ಸಿಕ್ತು! ಕಾಮಾ ತಪ್ಪಿದೆ!" ಕೆಂಪು ಪೆನ್ನಿನಿಂದ ಸುತ್ತು ಹಾಕಿ, ಪಕ್ಕದಲ್ಲಿ ಸಹಿಯನ್ನೂ ಜಡಿದರು.

"ಏನಂತ ಬರೆದಿತ್ತು ಅಲ್ಲಿ?" ಎಂದರು ಹೆಂಡತಿ.

"ಏನೋ ಬರೆದಿತ್ತು. ಕಾಮಾ ಮಾತ್ರ ತಪ್ಪು ಜಾಗದಲ್ಲಿತ್ತು."

ಕಚೇರಿಯ ಹಿಂದಿನ ಅಂಗಳದಲ್ಲಿ ಬಿಳಿ ಕಾರು ನಿಂತಿತ್ತು. ಸಾಹೇಬರು ಮಂಡಿಯೂರಿ, ಕನ್ನಡಕ ಏರಿಸಿ, ಕಾರನ್ನು ಬಾನೆಟ್ಟಿನಿಂದ ಡಿಕ್ಕಿಯವರೆಗೆ ಅಕ್ಷರ ಅಕ್ಷರ ಓದಿದರು. ಕೂದಲೆಳೆಯಷ್ಟು ತೆಳ್ಳಗಿನ ಗೀರುಗಳು ಎಷ್ಟೋ ಇದ್ದವು. ಆದರೆ ಮೊಬೈಲಿನಲ್ಲಿ ಫೋಟೊ ತೆಗೆದರೆ ಒಂದೂ ಕಾಣಲೊಲ್ಲದು. ನಾಳೆ ಇವನ್ನೆಲ್ಲ ನಮ್ಮ ತಲೆಗೆ ಕಟ್ಟಿದರೆ? ಪೆಟ್ಟಿಗೆಗಳ ಮೇಲೆ ವಿಳಾಸ ಬರೆಯಲು ತಂದಿದ್ದ ದಪ್ಪ ಕೆಂಪು ಮಾರ್ಕರ್ ನೆನಪಾಯಿತು. ಮೊದಲನೆಯ ಗೀರಿಗೆ ದುಂಡಗೆ ಒಂದು ಸುತ್ತು, ಪಕ್ಕದಲ್ಲಿ ಸಂಖ್ಯೆ.

"ರೀ, ಅದು ಅಳಿಸುತ್ತಾ?"

"ಅಳಿಸ್ಬಾರ್ದು ಕಣೇ, ಸಾಕ್ಷಿ ಇದು!"

"ಊರು ಸುತ್ತೋಕೆ ಅಂತ ಬಂದು ಕಾರಿಗೆ ಸುತ್ತು ಹಾಕ್ತಾ ಕೂತ್ರಲ್ಲ!"

ನಲವತ್ತೊಂದು ಸುತ್ತುಗಳಾದವು, ಒಂದೊಂದರದೂ ಫೋಟೊ ಆಯಿತು. ನಲವತ್ತೊಂದನೆಯದು ಗೀರಲ್ಲ, ಹಕ್ಕಿಯ ಹಿಕ್ಕೆ. ಇರಲಿ, ಅದೂ ದಾಖಲೆಯಲ್ಲಿರಲಿ!

ನಾಲ್ಕು ದಿನ ದಡಾರ ಎದ್ದಂತಿದ್ದ ಆ ಕಾರಿನಲ್ಲಿ ಓಡಾಡಿದರು. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನ ಮಕ್ಕಳು ಸುತ್ತುಗಳನ್ನು ಎಣಿಸಿದವು. ಸೈಕಲ್ಲುಗಳು ಇವರನ್ನು ಹಿಂದೆ ಹಾಕಿ ಹೋದವು. ಹೊಸ ಗೀರು ಒಂದೂ ಬೀಳಲಿಲ್ಲ, ಅಷ್ಟು ಮಾತ್ರ ಸತ್ಯ.

ಕಾರು ಒಪ್ಪಿಸುವಾಗ ತಪಾಸಣೆಯವನು ಒಂದು ಸುತ್ತು ಬಂದು, ತಲೆ ಕೆರೆದುಕೊಂಡ. "ಇದೇನು ಸಾರ್?"

"ನೀವು ಕೊಟ್ಟಾಗ್ಲೇ ಇದ್ದ ಗೀರುಗಳು! ಫೋಟೊ ಸಮೇತ ಸಾಕ್ಷಿ ಇದೆ!"

"ಅಂಗೈಗಿಂತ ಚಿಕ್ಕ ಗೀರನ್ನ ನಾವು ಲೆಕ್ಕಕ್ಕೇ ಹಿಡಿಯಲ್ಲ ಸಾರ್. ನಾನು ಕೇಳಿದ್ದು ಸುತ್ತುಗಳ ವಿಷಯ." ಹೆಬ್ಬೆರಳಿನಿಂದ ಉಜ್ಜಿದ, ಒದ್ದೆ ಬಟ್ಟೆಯಿಂದ ತಿಕ್ಕಿದ. ಹಕ್ಕಿಯ ಹಿಕ್ಕೆ ಹೋಯಿತು, ಸುತ್ತು ಹೋಗಲಿಲ್ಲ. "ಹೊಸದಾಗಿ ಬಣ್ಣನೇ ಹೊಡೆಸ್ಬೇಕು. ಠೇವಣಿ ವಾಪಸು ಬರಲ್ಲ."

"ಹಗಲು ದರೋಡೆ! ಕಾರಿನ ಮೇಲೆ ಬರೀಬಾರ್ದು ಅಂತ ಎಲ್ಲಿ ಹೇಳಿದ್ದೀರಿ, ತೋರ್ಸಿ!"

ಕೌಂಟರಿನ ಹುಡುಗಿ ಒಂಬತ್ತನೆಯ ಪುಟ ತೆಗೆದಳು. 'ವಾಹನದ ಮೇಲೆ ಬರೆದರೆ ಗುರುತು, ಮಾಡಿದರೆ ಠೇವಣಿ ಹಿಂತಿರುಗಿಸಲಾಗುವುದಿಲ್ಲ' ಎಂದಿತ್ತು. ಆ ಸಾಲಿನ ಕಾಮಾಕ್ಕೇ ಕೆಂಪು ಸುತ್ತು, ಪಕ್ಕದಲ್ಲೇ ಸಾಹೇಬರ ಸಹಿ.

"ಓದಿಲ್ಲ ಅನ್ನೋ ಹಾಗಿಲ್ಲ ಸಾರ್," ಎಂದಳು ಆಕೆ ವಿನಯದಿಂದ. "ಇದನ್ನ ಇಷ್ಟು ಚೆನ್ನಾಗಿ ಓದಿದವರು ನೀವೊಬ್ರೇ."

ಬಸ್ಸು ನಿಲ್ದಾಣ ಸರೋವರದ ಎದುರಿಗೇ ಇತ್ತು. ಹೆಂಡತಿ ಪೆಟ್ಟಿಗೆಯ ಮೇಲೆ ಕುಳಿತು, ಹೋಗಿ ಬರುವ ದೋಣಿಗಳನ್ನು ನೋಡುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು! ಸಾಹೇಬರಿಗೆ ನಿಜಕ್ಕೂ ನಾಚಿಕೆಯಾಯಿತು.

"ನಿನ್ನ ತಮ್ಮನಿಗೆ ಹೇಳ್ಬೇಡ ಕಣೇ."

"ಹೇಳಲಿಲ್ಲ. ನಿಮ್ಮ ಸಾಕ್ಷಿ ಫೋಟೊ ಕಳಿಸ್ದೆ ಅಷ್ಟೇ. ಉತ್ತರಾನೂ ಬಂತು." ಮೊಬೈಲು ಮುಂದೆ ಹಿಡಿದರು.

'ಭಾವ, ಮುಂದಿನ ಸಲ ಜಾಗೃತೆ' ಎಂದಿತ್ತು.

ಕೊನೆಯ ಪದ 'ಜಾಗ್ರತೆ' ಆಗಬೇಕಿತ್ತು, ಒತ್ತು ತಪ್ಪಿತ್ತು. ಸಾಹೇಬರ ಕೈ ತಾನಾಗಿಯೇ ಜೇಬಿನ ಪೆನ್ನಿನತ್ತ ಹೋಯಿತು. ಹೆಂಡತಿ ಆ ಕೈಯನ್ನೇ ನೋಡಿದರು.

"ಯಾಕೆ, ಏನಾದ್ರೂ ತಪ್ಪಿದೆಯಾ?"

ಸಾಹೇಬರು ಕೈ ಕೆಳಗಿಳಿಸಿದರು.

"ಇಲ್ಲ ಕಣೇ... ಸರಿಯಾಗೇ ಬರೆದಿದ್ದಾನೆ."