ಭೀಮಯ್ಯನ ಬಿಕ್ಕಳಿಕೆ

ಗೋಣಿ ಹೊಲಿಯುವ ದಬ್ಬಳ ಉದಯಕುಮಾರನ ಬಲಗೈ ಹೆಬ್ಬೆರಳಿಗೆ ಚುಚ್ಚದೆ ಇದ್ದಿದ್ದರೆ ಅವನ ಮದುವೆ ಮಾತು ಸಲೀಸಾಗಿ ಮುಗಿಯುತ್ತಿತ್ತು. ಅವನು ತುಮಕೂರಿನ ಮಂಡಿಪೇಟೆಯ ಕೊಬ್ಬರಿ ಗೋದಾಮಿನಲ್ಲಿ ಮೇಲ್ವಿಚಾರಕ. ದಬ್ಬಳ ಹಿಡಿಯುವುದು ಅವನ ಕೆಲಸವೇ ಅಲ್ಲ. ಹಮಾಲರಿಗೆ ಹೊಲಿಗೆ ಹೇಗೆ ಹಾಕಬೇಕೆಂದು ತೋರಿಸಿಕೊಡಲು ಹೋಗಿ ಚುಚ್ಚಿಕೊಂಡ. ಸುತ್ತಿದ ಬ್ಯಾಂಡೇಜು ಎಳೆ ಸೋರೆಕಾಯಿಯಷ್ಟಾಗಿತ್ತು. ಮೊಬೈಲಿನಲ್ಲಿ ಒಂದಕ್ಷರ ಒತ್ತಿದರೆ ನಾಲ್ಕು ಬೀಳುತ್ತಿದ್ದವು.

ಮೊಬೈಲಿನಲ್ಲಿ ಅಕ್ಷರ ಒತ್ತದಿದ್ದರೆ ಉದಯನಿಗೆ ಉಂಡಿದ್ದು ಅರಗುವುದಿಲ್ಲ. ಅವನಿಗೆ ಹಳೆಯ ಹಾಸ್ಯ ಸಿನಿಮಾಗಳ ಹುಚ್ಚು. ಅಂಥ ಹುಚ್ಚರದೇ ಒಂದು ವಾಟ್ಸಾಪ್ ಗುಂಪಿತ್ತು, ಅದರೊಳಗೆ ಗುಬ್ಬಿಯವರದು, ಕುಣಿಗಲ್ಲಿನವರದು ಎಂದು ಎರಡು ಪಂಗಡ. ಗುಬ್ಬಿಯವರಿಗೆ ಬಿಕ್ಕಳಿಕೆ ಭೀಮಯ್ಯ ಎಂದರೆ ಪ್ರಾಣ. ಕಪ್ಪುಬಿಳುಪು ಕಾಲದ ಆ ಸಿನಿಮಾದಲ್ಲಿ ಭೀಮಯ್ಯ ಒಂದು ಸುಳ್ಳು ಹೇಳಿದರೆ ಸಾಕು, ಬಿಕ್ಕಳಿಕೆ ಬಂದು ಸಿಕ್ಕಿಬೀಳುತ್ತಾನೆ. ಕುಣಿಗಲ್ಲಿನವರ ದೇವರು ಬೇರೆ. ಅವರಿಗೆ ಇನ್ನೊಂದು ಸಿನಿಮಾದ ಏಕಾಂತಯ್ಯ, ಎರಡು ಊರಲ್ಲಿ ಎರಡು ಸಂಸಾರ ಹೂಡಿ ಒಂದಕ್ಕೆ ಇನ್ನೊಂದರ ಸುಳಿವು ಕೊಡದೆ ಓಡಾಡುವ ಪುಣ್ಯಾತ್ಮ.

ಉದಯ ‘ಬುರುಡೆ ಮಾಸ್ತರ್’ ಎಂಬ ಗುಪ್ತನಾಮದಲ್ಲಿ ಈ ಇಬ್ಬರನ್ನೂ ಒಂದೇ ಕತೆಗೆ ಎಳೆದು ತಂದಿದ್ದ. ಏಕಾಂತಯ್ಯನ ಗುಟ್ಟು ಕಾಯುವ ಕೆಲಸ ಭೀಮಯ್ಯನ ತಲೆಗೆ ಬೀಳುತ್ತದೆ. ಗುಟ್ಟು ಕಾಯಬೇಕಾದರೆ ಸುಳ್ಳು ಹೇಳಬೇಕು, ಹೇಳಿದರೆ ಬಿಕ್ಕಳಿಕೆ. ಗುಂಪಿನವರು ಪ್ರತಿ ಭಾನುವಾರದ ಕಂತಿಗೆ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರು. ಹೋದ ವಾರ ಉದಯನಿಗೆ ಕತೆ ಮುಂದೆ ಹೋಗುವ ದಾರಿ ಕಾಣಲಿಲ್ಲ. ಭೀಮಯ್ಯನಿಗೆ ಯಾವುದೋ ನಾಟಿ ಔಷಧಿ ಕುಡಿಸಿ ಬಿಕ್ಕಳಿಕೆಯನ್ನೇ ನಿಲ್ಲಿಸಿಬಿಟ್ಟ. ಕುಣಿಗಲ್ಲಿನವರು ಚಪ್ಪಾಳೆ ಕಳಿಸಿದರು, ಗುಬ್ಬಿಯವರು ಹಿಡಿಶಾಪ ಹಾಕಿದರು.

ಈ ಭಾನುವಾರ ಕೊನೆಯ ಕಂತು. ಬೆರಳು ಕೈಕೊಟ್ಟಿತ್ತು, ಆದರೆ ಬಾಯಿ ಗಟ್ಟಿಯಾಗಿತ್ತು. ಹೇಳಿದ್ದನ್ನು ಮೊಬೈಲೇ ಬರೆದುಕೊಳ್ಳುವ ಉಪಾಯ ಗೋದಾಮಿನ ಗುಮಾಸ್ತ ಹೇಳಿಕೊಟ್ಟಿದ್ದ. ಉದಯ ಕ್ಯಾತ್ಸಂದ್ರದ ತನ್ನ ಬಾಡಿಗೆ ಮನೆಯ ತಾರಸಿಯ ಮೇಲೆ ಶತಪಥ ಹಾಕುತ್ತ, ಏಕಾಂತಯ್ಯನೇ ಮೈಮೇಲೆ ಬಂದವನಂತೆ ಶುರು ಮಾಡಿದ.

“ಗುಬ್ಬೀಲಿ ಒಬ್ಬಳು ಇದಾಳೆ ಅಂತ ಕುಣಿಗಲ್ಲೋಳಿಗೆ ಗೊತ್ತಾಗ್ಬಾರ್ದು. ಮಗೂಗೆ ನಾಮಕರಣ ಆಗೋವರ್ಗಾದ್ರೂ ನೀನು ಬಾಯಿ ಮುಚ್ಕೊಂಡಿರು.”

ಕೆಳಗೆ ಪಾತ್ರೆ ತೊಳೆಯುತ್ತಿದ್ದ ಮನೆಯೊಡತಿ ಕರಿಬಸಮ್ಮ ಸರಿಯಾಗಿ ಕೇಳಿಸಲೆಂದು ನಲ್ಲಿ ನಿಲ್ಲಿಸಿದಳು.

ಅಷ್ಟರಲ್ಲಿ ಭೂಮಿಕಾಳ ಫೋನು ಬಂತು. ಉದಯ ಹೋದ ತಿಂಗಳು ಗುಬ್ಬಿಗೆ ಹೋಗಿ ನೋಡಿಬಂದ ಹುಡುಗಿ ಅವಳು. “ನಿಮಗೇನಿಷ್ಟ?” ಎಂದು ಅವಳು ಕೇಳಿದ್ದಕ್ಕೆ ಇವನು ತಡಬಡಾಯಿಸಿ “ನಗೋದು” ಅಂದಿದ್ದ. “ಹಂಗಾದ್ರೆ ನಂಗೆ ತೊಂದ್ರೆ ಇಲ್ಲ” ಎಂದು ಅವಳು ನಕ್ಕಿದ್ದಳು. ಅವತ್ತಿನಿಂದ ಇವನಿಗೆ ಬೇರೆ ಹುಡುಗಿಯ ಫೋಟೋ ನೋಡುವುದೂ ಬೇಡವಾಗಿತ್ತು. ಮದುವೆ ಎಂದಾದರೆ ಇವಳನ್ನೇ, ಇಲ್ಲದಿದ್ದರೆ ಕೊಬ್ಬರಿ ಮೂಟೆಯೇ ಗತಿ ಎಂದು ನಿರ್ಧರಿಸಿದ್ದ.

“ಅಪ್ಪ ಬೆಳಗ್ಗೇನೇ ಹೊರಟವ್ರೆ,” ಎಂದಳು ಭೂಮಿಕಾ. “ನಿಮ್ಮ ಬೀದೀಲಿ ವಿಚಾರಿಸ್ಕೊಂಡು ಬರ್ತಾರೆ. ಗೊತ್ತೇ ಇಲ್ದಂಗೆ ಇದ್ಬುಡಿ.”

ಹೆಣ್ಣು ಕೊಡುವವರು ಗಂಡಿನ ಗುಣವನ್ನು ಗಂಡಿನ ಬಾಯಿಂದ ಕೇಳುವುದಿಲ್ಲ. ಅಂಗಡಿಯಲ್ಲಿ ಕೇಳುತ್ತಾರೆ, ಅಕ್ಕಪಕ್ಕದಲ್ಲಿ ಕೇಳುತ್ತಾರೆ. ಗಂಡು ಅತ್ತ ತಲೆ ಹಾಕುವಂತಿಲ್ಲ. ಹೀಗಾಗಿ ಭೂಮಿಕಾಳ ತಂದೆ ರೇವಣಸಿದ್ದಯ್ಯನವರು ಛತ್ರಿ ಹಿಡಿದು ಎದುರಿನ ಅಂಜಿನಪ್ಪನ ಅಂಗಡಿ ಮುಂದೆ ನಿಂತಾಗ ಉದಯ ತಾರಸಿಯ ಗೋಡೆಯ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಕಿವಿ ನಿಮಿರಿಸಿದ.

“ಮೇಲ್ಗಡೆ ಮನೆ ಹುಡುಗ ಹೆಂಗೆ?” ಎಂದರು ರೇವಣಸಿದ್ದಯ್ಯ.

“ಚಿನ್ನದಂಥವ್ನು ಸ್ವಾಮಿ,” ಎಂದ ಅಂಜಿನಪ್ಪ. “ಬೀಡಿ ಇಲ್ಲ, ಸಿಗರೇಟ್ ಇಲ್ಲ. ನನ್ನ ವ್ಯಾಪಾರಕ್ಕೇ ಲುಕ್ಸಾನು.”

ಉದಯನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಕರಿಬಸಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ರಸ್ತೆ ದಾಟಿ ಬರುತ್ತಿದ್ದಳು.

“ಹೆಣ್ಣು ಕೊಡೋರಾ ನೀವು? ಹುಡುಗ ಒಳ್ಳೇವ್ನೇ ಸ್ವಾಮಿ. ಆದ್ರೆ ಸಂಸಾರ ಎರಡವೆ.”

“ಎರಡಾ?”

“ಗುಬ್ಬೀಲೊಂದು, ಕುಣಿಗಲ್ಲಲ್ಲೊಂದು. ಕುಣಿಗಲ್ಲೋಳಿಗೆ ಮಗು ಬೇರೆ ಆಗೈತೆ. ಈಗ್ಲೇ ಫೋನಲ್ಲಿ ಯಾರಿಗೋ ಬಾಯಿ ಮುಚ್ಕೊಂಡಿರು ಅಂತಿದ್ದ. ಈ ಕಿವೀಲೇ ಕೇಳಿದೀನಿ.”

“ಅದಕ್ಕೇ ಅನ್ನು, ಭಾನುವಾರ ಬಂದ್ರೆ ಕೆಳಗೇ ಇಳಿಯಲ್ಲ,” ಎಂದು ಚಿನ್ನದ ಬೆಲೆಯನ್ನು ಅಲ್ಲೇ ಇಳಿಸಿದ ಅಂಜಿನಪ್ಪ.

ರೇವಣಸಿದ್ದಯ್ಯನವರು ಛತ್ರಿ ಮಡಚಿದರು. ಗಂಡು ಸುಳಿಯಬಾರದೆಂಬ ಪದ್ಧತಿಯನ್ನು ಮೂಲೆಗೆ ಹಾಕಿ ಉದಯ ಮೆಟ್ಟಿಲು ಇಳಿದು ಓಡಿಬಂದ. ಒಂದು ಕಾಲಿನ ಚಪ್ಪಲಿ ತಾರಸಿಯಲ್ಲೇ ಉಳಿಯಿತು.

“ಮಾವ, ಅದು ಕತೆ. ಇಲ್ನೋಡಿ, ನಾನು ಹೇಳ್ದಂಗೆ ಮೊಬೈಲು ಬರ್ಕೊಂಡೈತೆ. ಎರಡು ಸಂಸಾರ ಏಕಾಂತಯ್ಯಂದು. ನಂಗೆ ಒಂದಕ್ಕೇ ಗತಿ ಇಲ್ಲ.”

ರೇವಣಸಿದ್ದಯ್ಯನವರು ಕನ್ನಡಕ ಹಾಕಿಕೊಂಡು ಓದಿದರು. ಓದುತ್ತ ಓದುತ್ತ ಹುಬ್ಬಿನ ಗಂಟು ಸಡಿಲವಾಯಿತು. ಕರಿಬಸಮ್ಮನೂ ಇಣುಕಿ ನೋಡಿ, “ಸಿನಿಮಾದೋರಾ? ಮೊದ್ಲೇ ಹೇಳ್ಬಾರ್ದೇನಪ್ಪ,” ಎಂದು ತಪ್ಪನ್ನು ಅವನ ತಲೆಗೇ ಕಟ್ಟಿದಳು. ಉದಯನಿಗೆ ಹೋದ ಜೀವ ಬಂದಂತಾಯಿತು.

“ಇದನ್ನ ಬರ್ದೋರು ಯಾರು?” ಎಂದರು ರೇವಣಸಿದ್ದಯ್ಯ.

“ನಾನೇ,” ಎಂದ ಉದಯ, ಎದೆ ಉಬ್ಬಿಸಿ. “ಬುರುಡೆ ಮಾಸ್ತರ್ ಅಂದ್ರೆ ನಾನೇ ಮಾವ.”

ರೇವಣಸಿದ್ದಯ್ಯನವರು ಕನ್ನಡಕ ತೆಗೆದರು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಭೀಮಯ್ಯನ ಬಿಕ್ಕಳಿಕೆ ನಿಲ್ಲಿಸ್ದೋನು ನೀನಾ?”

ಉದಯನ ಎದೆ ಇದ್ದಲ್ಲಿಗೆ ಇಳಿಯಿತು. ಗುಂಪಿನಲ್ಲಿ ಅವನಿಗೆ ಶಾಪ ಹಾಕಿದ ಗುಬ್ಬಿಯವರ ಮುಂದಾಳು ಎದುರಿಗೇ ನಿಂತಿದ್ದರು.

“ನಮ್ಮಪ್ಪ ನಗ್ತಿದ್ದೋರಲ್ಲ,” ಎಂದರು ರೇವಣಸಿದ್ದಯ್ಯ. “ಟೆಂಟ್ ಸಿನಿಮಾದಲ್ಲಿ ನನ್ನನ್ನ ತೊಡೆ ಮೇಲೆ ಕೂರಿಸ್ಕೊಂಡು ಅವತ್ತು ಒಂದಿನ ನಕ್ಕಿದ್ರು, ಆ ಬಿಕ್ಕಳಿಕೆಗೆ. ಅದನ್ನ ನೀನು ಕಷಾಯ ಕುಡ್ಸಿ ನಿಲ್ಲಿಸ್ತೀಯಾ? ಎರಡನೇ ಸಂಸಾರ ಇದ್ದಿದ್ರೆ ಹಿರಿಯರನ್ನ ಕೂರಿಸಿ ಏನೋ ಒಂದು ಮಾತಾಡ್ಬೋದಿತ್ತು. ಇದಕ್ಕೆ ಯಾರನ್ನ ಕೂರಿಸೋದು?”

ಉದಯನಿಗೆ ನಿಜವಾಗಿಯೂ ನಾಚಿಕೆಯಾಯಿತು. “ತಪ್ಪಾಯ್ತು ಮಾವ. ಸರಿ ಮಾಡ್ತೀನಿ.”

“ಸಾಯಂಕಾಲದ ಕಂತಲ್ಲಿ ಬಿಕ್ಕಳಿಕೆ ವಾಪಸ್ ಬರ್ಬೇಕು. ಬಂದ್ರೆ ವೀಳ್ಯಶಾಸ್ತ್ರ. ಬರ್ಲಿಲ್ಲ ಅಂದ್ರೆ ದೂರದಿಂದ್ಲೇ ಶರಣು,” ಎಂದು ಹೇಳಿ ಅವರು ಗುಬ್ಬಿಯ ಬಸ್ಸು ಹತ್ತಿದರು.

ಇಷ್ಟೇ ತಾನೆ, ಔಷಧಿಯ ಗುಣ ಇಳಿಯಿತು ಎಂದು ಒಂದು ಸಾಲು ಸೇರಿಸಿದರಾಯಿತು ಎಂದುಕೊಂಡು ಉದಯ ಸಿಳ್ಳೆ ಹಾಕುತ್ತ ಮೇಲೆ ಹೋಗಿ ಚಪ್ಪಲಿ ಹುಡುಕಿದ. ಮಧ್ಯಾಹ್ನ ಭೂಮಿಕಾಳ ಸಂದೇಶ ಬಂತು: ‘ಅಪ್ಪ ಬಸ್ಸಿಂದಲೇ ಮಾವಂಗೆ ಫೋನ್ ಮಾಡಿ, ಬುರುಡೆ ಮಾಸ್ತರ್ ನೀವೇ ಅಂದುಬಿಟ್ರು. ಮಾವ ಕುಣಿಗಲ್ಲೋರು. ಹುಷಾರು. ಏನೇ ಆದ್ರೂ ನಾನಿದೀನಿ, ಇಬ್ರೂ ಸೇರಿ ಬರೆಯೋಣ.’

ಕೊನೆಯ ಸಾಲನ್ನು ಉದಯ ಎಷ್ಟು ಸಲ ಓದಿಕೊಂಡನೆಂದರೆ, ಹುಷಾರು ಎಂಬ ಮಾತು ತಲೆಗೇ ಹೋಗಲಿಲ್ಲ. ಆಗಲೇ ಫೋನು ಹೊಡೆದುಕೊಂಡಿತು.

“ನಾನು ಹೊನ್ನಯ್ಯ, ಭೂಮಿಕನ ಸೋದರಮಾವ. ಎಂಥಾ ಕತೆ ಸ್ವಾಮಿ. ಆ ಬಿಕ್ಕಳಿಕೆ ನಿಂತಿದ್ದು ನೋಡಿ, ನಮ್ಮ ಏಕಾಂತಯ್ಯ ಬದುಕಿಕೊಂಡ ಅಂತ ಕುಣಿಗಲ್ಲಲ್ಲಿ ನಾವೆಲ್ಲ ಸ್ವೀಟ್ ತಿಂದ್ವಿ. ಆ ಗುಟ್ಟು ಕೊನೇವರ್ಗೂ ಬಯಲಾಗಂಗಿಲ್ಲ. ಬಯಲಾದ್ರೆ, ಹೆಣ್ಣನ್ನ ಮಂಟಪಕ್ಕೆ ಕರ್ಕೊಂಡು ಬರೋಕೆ ಬೇರೆ ಸೋದರಮಾವನ್ನ ಹುಡುಕ್ಕೊಳ್ಳಿ. ನಮ್ಮ ಭಾವ ಏನಾದ್ರೂ ಬಿಕ್ಕಳಿಕೆ ವಾಪಸ್ ತರ್ಸು ಅಂದ್ರಾ?”

ಬಿಕ್ಕಳಿಕೆ ಬಂದರೆ ಗುಟ್ಟು ಹೋಗುತ್ತದೆ, ಗುಟ್ಟು ಉಳಿಯಬೇಕಾದರೆ ಬಿಕ್ಕಳಿಕೆ ಬರಬಾರದು. ಇನ್ನು ಗುಬ್ಬಿಗೆ ಕೊಟ್ಟ ಮಾತು ಕುಣಿಗಲ್ಲಿಗೆ ತಿಳಿಯಬಾರದು, ಕುಣಿಗಲ್ಲಿಗೆ ಕೊಡುವ ಮಾತು ಗುಬ್ಬಿಗೆ ತಿಳಿಯಬಾರದು. ಉದಯ ಒಂದು ಸಲ ಆಕಾಶ ನೋಡಿದ, ಒಂದು ಸಲ ಭೂಮಿಕಾಳ ಸಂದೇಶ ನೋಡಿದ, ಧೈರ್ಯ ತಂದುಕೊಂಡ. ಕೆಳಗೆ ಕರಿಬಸಮ್ಮನ ನಲ್ಲಿ ನಿಂತಿತು.

“ಇಲ್ಲ ಮಾವ,” ಎಂದ. “ಗುಬ್ಬಿಯೋರು ನಂಗೇನೂ ಹೇಳೇ ಇಲ್ಲ.”

ಹೇಳಿ ಬಾಯಿ ಮುಚ್ಚುವುದರೊಳಗೆ ಹೊಟ್ಟೆಯ ಆಳದಿಂದ ಎದ್ದು ಬಂದು, ಅವನ ಇಡೀ ಮೈಯನ್ನು ಅಲ್ಲಾಡಿಸಿ, ಕುಣಿಗಲ್ಲಿನವರೆಗೂ ಸ್ಪಷ್ಟವಾಗಿ ಕೇಳುವಂತೆ ಒಂದು ಬಿಕ್ಕಳಿಕೆ ಹೊರಬಿತ್ತು.